ಮಣೆಯೇರಿ ನೋಡಿದವನಿಗೆ ಕಂಡ ಮಾಟಗಾತಿ

ಡಿಸೆಂಬರ್ 13ರಂದು ಹಂಗೇರಿಯ ಹಳ್ಳಿಗಾಡಿನಲ್ಲಿ ಒಬ್ಬಾತ ಪುಟ್ಟದೊಂದು ಮಣೆ ಮಾಡಲು ಕೂರುತ್ತಿದ್ದ. ಮರಗೆಲಸ ಬಲ್ಲವನಿಗೆ ಅದು ಅರ್ಧ ದಿನದ ಕೆಲಸ. ಆದರೆ ಅವನು ಅಂದು ಒಂದು ತುಂಡನ್ನಷ್ಟೇ ಕೆತ್ತಿ ಎತ್ತಿಡುತ್ತಿದ್ದ. ಮರುದಿನ ಇನ್ನೊಂದು ತುಂಡು, ಅದರ ಮರುದಿನ ಮತ್ತೊಂದು. ಹಲವು ಊರುಗಳಲ್ಲಿ ಪ್ರತಿ ತುಂಡಿಗೂ ಬೇರೆಯೇ ಜಾತಿಯ ಮರ ಬೇಕಿತ್ತು. ಹೀಗೆ ದಿನಕ್ಕಿಷ್ಟೇ ಎಂದು ಲೆಕ್ಕವಿಟ್ಟು ಮಾಡಿದ ಮಣೆ ಕ್ರಿಸ್‌ಮಸ್‌ನ ಹಿಂದಿನ ರಾತ್ರಿಗೆ ಸರಿಯಾಗಿ ಮುಗಿಯಬೇಕು. ಆ ನಡುರಾತ್ರಿಯ ಪೂಜೆಗೆ ಅದನ್ನು ಮರೆಮಾಡಿಕೊಂಡು ಚರ್ಚಿಗೆ ಒಯ್ದು, ಅದರ ಮೇಲೆ ಹತ್ತಿ ನಿಂತು ನೋಡಿದರೆ, ಊರಿನಲ್ಲಿ ಮಾಟಗಾತಿಯರು ಯಾರೆಂಬುದು ಕಾಣುತ್ತದೆ ಎಂಬುದು ನಂಬಿಕೆ. ಅವರ ತಲೆಯ ಮೇಲೆ ಕೊಂಬುಗಳಿರುತ್ತವೆ.

ನೋಡಿದ ಮೇಲೆ ಅಲ್ಲಿ ನಿಲ್ಲುವಂತಿಲ್ಲ. ಗುರುತು ಬಯಲಾಯಿತೆಂದು ಅರಿತ ಮಾಟಗಾತಿಯರು ಬೆನ್ನಟ್ಟುತ್ತಾರೆ. ಅದಕ್ಕೆಂದು ಜೇಬಿನಲ್ಲಿ ಗಸಗಸೆ ತುಂಬಿಕೊಂಡಿರಬೇಕು. ದಾರಿಯುದ್ದಕ್ಕೂ ಚೆಲ್ಲುತ್ತ ಓಡಿದರೆ, ಒಂದೊಂದೇ ಕಾಳನ್ನು ಹೆಕ್ಕದೆ ಅವರು ಮುಂದೆ ಬರಲಾರರು. ಮನೆ ಸೇರಿದ ಕೂಡಲೇ ಮಣೆಯನ್ನು ಬೆಂಕಿಗೆ ಹಾಕಬೇಕು. ಅಷ್ಟು ದಿನಗಳ ಕೆಲಸ, ಒಂದು ಕ್ಷಣದ ನೋಟ, ಕೊನೆಗೆ ಹಿಡಿ ಬೂದಿ.

ಇದಕ್ಕೆ ಲುತ್ಸಾಳ ಮಣೆ ಎಂದು ಹೆಸರು. ಡಿಸೆಂಬರ್ 13 ಸಂತ ಲೂಸಿಯಾಳ ದಿನ. ಹಂಗೇರಿಯನ್ನರ ಬಾಯಲ್ಲಿ ಅವಳು ಲುತ್ಸಾ. ಗ್ರೆಗೋರಿಯನ್ ಪಂಚಾಂಗ ಬರುವುದಕ್ಕೆ ಮುಂಚೆ ವರ್ಷದ ಅತಿ ದೀರ್ಘ ರಾತ್ರಿ ಈ ದಿನದ ಆಸುಪಾಸಿನಲ್ಲಿ ಬೀಳುತ್ತಿತ್ತು. ಹಾಗಾಗಿ ಚರ್ಚಿನ ಸಂತಳ ಹಿಂದೆ ಕತ್ತಲಿನ ಇನ್ನೊಬ್ಬ ಲುತ್ಸಾ ಕೂಡ ಬೆಳೆದುಕೊಂಡಳು. ಆ ದಿನ ಹೆಂಗಸರು ನೂಲುವಂತಿಲ್ಲ, ಹೊಲಿಯುವಂತಿಲ್ಲ. ಸೂಜಿ ಹಿಡಿದವಳನ್ನು ಲುತ್ಸಾ ದಂಡಿಸುತ್ತಾಳೆ. ಈ ಸೂಜಿಯ ನಿಷೇಧವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಇಂದಿಗೂ ಹಂಗೇರಿಯಲ್ಲಿ ಕೆಲಸವೊಂದು ಕುಂಟುತ್ತ ಸಾಗಿದರೆ, ‘ಲುತ್ಸಾಳ ಮಣೆಯಂತೆ ನಿಧಾನ’ ಎನ್ನುತ್ತಾರೆ. ಮಣೆ ಮಾಡುವವರು ಇಲ್ಲವಾದರೂ ಗಾದೆ ಉಳಿದಿದೆ.

ಹಂಗೇರಿಯ ಮಾಟಗಾತಿ ಇವತ್ತಿನ ಕಲೆಯಲ್ಲಿ ಹೇಗೆ ಮರುಹುಟ್ಟು ಪಡೆದಳು ಎಂದು ವಿವರಿಸಲು ಹೊರಟ ನಾನು ಈ ಮಣೆಯಿಂದ ಆರಂಭಿಸಲು ಕಾರಣವಿದೆ. ಈ ಆಚರಣೆಯಲ್ಲಿ ಮಾಟಗಾತಿ ಏನನ್ನೂ ಮಾಡುವುದಿಲ್ಲ. ಪಕ್ಕದ ಮನೆಯ ಹೆಂಗಸು ಎಲ್ಲರಂತೆ ಕೈಮುಗಿದು ಪ್ರಾರ್ಥಿಸುತ್ತಿದ್ದಾಳೆ. ಕೊಂಬು ಮೂಡುವುದು ಹಿಂದಿನಿಂದ ನೋಡುವವನ ಕಣ್ಣಿನಲ್ಲಿ. ಕಣ್ಣಿನ ಈ ಅಧಿಕಾರದಿಂದ ಆ ಹೆಂಗಸನ್ನು ಬಿಡಿಸಿ, ಅವಳ ದನಿಯನ್ನು ನಮಗೆ ಕೇಳಿಸಲು ಕಲಾವಿದೆಯರು ಪಟ್ಟ ಪಾಡೇ ಈ ಮರುಹುಟ್ಟಿನ ಕಥೆ ಎಂದು ನನಗೆ ತೋರುತ್ತದೆ.

ಮೊದಲು ಮಾತುಗಳ ಒಳಗೆ ಇಳಿಯೋಣ. ಮಾಟಗಾತಿಗೆ ಹಂಗೇರಿಯನ್ ಭಾಷೆಯಲ್ಲಿ ‘ಬೊಸೊರ್ಕಾನ್ಯ್’ ಎನ್ನುತ್ತಾರೆ. ಇದು ತುರ್ಕಿ ಕುಲದ ಭಾಷೆಗಳಿಂದ ಬಂದ ಪದ. ಮೂಲದಲ್ಲಿ ‘ಒತ್ತುವವಳು, ಅದುಮುವವಳು’ ಎಂಬ ಅರ್ಥ. ನಿದ್ದೆಯ ನಡುವೆ ಎಚ್ಚರವಾದರೂ ಕೈಕಾಲು ಆಡಿಸಲಾಗದೆ, ಎದೆಯ ಮೇಲೆ ಯಾರೋ ಕುಳಿತು ಉಸಿರು ಕಟ್ಟಿಸಿದಂತಾಗುವ ಅನುಭವ ಹಲವರಿಗೆ ಗೊತ್ತು. ವೈದ್ಯರು ಅದನ್ನು ನಿದ್ರಾ ಪಾರ್ಶ್ವವಾಯು ಎನ್ನುತ್ತಾರೆ. ಹಂಗೇರಿಯ ರೈತ ಅದನ್ನು ಬೊಸೊರ್ಕಾನ್ಯ್ ಬಂದು ಒತ್ತಿದಳು ಎಂದ. ಅಂದರೆ ಅಲ್ಲಿನ ಮಾಟಗಾತಿಯ ಹೆಸರು ಹುಟ್ಟಿದ್ದು ಕತ್ತಲಲ್ಲಿ ಮಲಗಿದವನ ಎದೆಯ ಭಾರದಿಂದ. ನಮ್ಮ ‘ಮಾಟ’ದ ಹುಟ್ಟು ಬೇರೆ ಬಗೆಯದು: ಅದು ‘ಮಾಡು’ ಎಂಬ ಕ್ರಿಯಾಪದದಿಂದ ಬಂದದ್ದು. ಕನ್ನಡದ ಮಾಟಗಾತಿ ಏನನ್ನೋ ಮಾಡುವವಳು.

ಜನಪದ ಕಥೆಗಳಲ್ಲಿ ಬರುವ ಮುದುಕಿಯ ಹೆಸರು ಮತ್ತೊಂದು: ‘ವಶೊರ್ರೂ ಬಾಬಾ’, ಕಬ್ಬಿಣದ ಮೂಗಿನ ಬಾಬಾ. ಇವಳ ಸೇವೆಗೆ ಸೇರಿದರೆ ಮೂರು ದಿನಕ್ಕೇ ಒಂದು ವರ್ಷ ಮುಗಿಯುತ್ತದೆ. ಇವಳ ಕುದುರೆಗಳನ್ನು ಮೇಯಿಸಲು ಹೋದ ಹುಡುಗ ಸಂಜೆಗೆ ಒಂದು ಕುದುರೆ ಕಡಿಮೆಯಾದರೂ ತಲೆ ಕಳೆದುಕೊಳ್ಳುತ್ತಾನೆ. ಬೆಚ್ಚಿಬೀಳಿಸುವ ಸಂಗತಿ ಎಂದರೆ ‘ಬಾಬಾ’ ಎಂಬ ಪದಕ್ಕೆ ಸಾಮಾನ್ಯ ಹಂಗೇರಿಯನ್‌ನಲ್ಲಿ ಸೂಲಗಿತ್ತಿ ಎಂದೇ ಅರ್ಥ. ಹೆರಿಗೆ ಮಾಡಿಸುವ ಕೈಗಳೇ ಕಥೆಯಲ್ಲಿ ರಾಕ್ಷಸಿಯ ಕೈಗಳಾದವು. ಕೂಸು ಬದುಕಿದರೆ ದೇವರ ದಯೆ; ಸತ್ತರೆ ಮೊದಲ ಅನುಮಾನ ಆ ಕೋಣೆಯಲ್ಲಿದ್ದ ಸೂಲಗಿತ್ತಿಯ ಮೇಲೆ. ನ್ಯಾಯಾಲಯದ ಹಳೆಯ ಕಾಗದಪತ್ರಗಳಲ್ಲಿ ಆರೋಪಿಗಳಾಗಿ ಸೂಲಗಿತ್ತಿಯರು, ನಾಟಿ ವೈದ್ಯೆಯರು ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

ಆದರೂ ಕಥೆಗಳು ಈ ಮುದುಕಿಗೆ ಒಂದು ಕಿಟಕಿ ತೆರೆದಿಟ್ಟಿವೆ. ಕಾಡಿನಲ್ಲಿ ದಾರಿತಪ್ಪಿದ ಹುಡುಗ ಅವಳ ಮನೆಗೆ ಬಂದು, ‘ನಮಸ್ಕಾರ, ಅಜ್ಜಿ’ ಎನ್ನುತ್ತಾನೆ. ಅವಳ ಉತ್ತರ ಹಂಗೇರಿಯ ಪ್ರತಿ ಮಗುವಿಗೂ ಬಾಯಿಪಾಠ: ‘ನನ್ನನ್ನು ಅಜ್ಜಿ ಎಂದು ಕರೆದೆಯಲ್ಲ, ಅದು ನಿನ್ನ ಅದೃಷ್ಟ!’ ಹಾಗೆ ಕರೆಯದಿದ್ದರೆ ತಿಂದುಬಿಡುತ್ತಿದ್ದಳು. ಕರೆದಿದ್ದರಿಂದ ಊಟ ಹಾಕುತ್ತಾಳೆ, ದಾರಿ ತೋರಿಸುತ್ತಾಳೆ. ಹೆಂಗಸು ಅದೇ, ಮನೆ ಅದೇ. ಸಂಬೋಧನೆ ಬದಲಾದರೆ ಅವಳು ಬದಲಾಗುತ್ತಾಳೆ.

ಮೂರನೆಯ ಪದ ‘ತಾಲ್ತೋಶ್’. ಇದನ್ನು ಮಾಟಗಾರ ಎಂದು ಅನುವಾದಿಸಿದರೆ ತಪ್ಪಾಗುತ್ತದೆ. ತಾಲ್ತೋಶ್ ಆಗಲು ಯಾರೂ ಕಲಿಯುವಂತಿಲ್ಲ, ಹುಟ್ಟಿಬರಬೇಕು. ಹುಟ್ಟುವಾಗಲೇ ಬಾಯಲ್ಲಿ ಹಲ್ಲಿರುವ ಅಥವಾ ಕೈಯಲ್ಲಿ ಆರನೆಯ ಬೆರಳಿರುವ ಮಗು ತಾಲ್ತೋಶ್ ಎಂದು ನಂಬುತ್ತಿದ್ದರು. ಬೆಳೆದ ಮೇಲೆ ಅವನು ಗೂಳಿಯ ರೂಪ ತಾಳಿ ಆಕಾಶದಲ್ಲಿ ಎದುರಾಳಿ ತಾಲ್ತೋಶ್ ಜೊತೆ ಕಾದಾಡುತ್ತಾನೆ. ಗೆದ್ದವನ ಊರಿಗೆ ಮಳೆ, ಬೆಳೆ. ಮನೆಬಾಗಿಲಿಗೆ ಬಂದು ಹಾಲು ಕೇಳುತ್ತಾನೆ, ಇಲ್ಲವೆಂದರೆ ಬಿರುಗಾಳಿ ಎಬ್ಬಿಸುತ್ತಾನೆ. ಸೈಬೀರಿಯಾದ ಶಾಮನರ, ಅಂದರೆ ಆತ್ಮಗಳೊಡನೆ ಮಾತಾಡಿ ರೋಗ ಗುಣಪಡಿಸುವ ಮಾಂತ್ರಿಕರ, ನೆರಳು ಇದರಲ್ಲಿದೆ ಎಂದು ಅನೇಕ ಜಾನಪದ ವಿದ್ವಾಂಸರು ವಾದಿಸಿದ್ದಾರೆ. ಕೊಕ್ಕರೆಯ ಗಾಯಗೊಂಡ ಕಾಲನ್ನು ಪೀಪಿ, ಡೋಲು, ಜೊಂಡಿನ ಪಿಟೀಲಿನಿಂದ ಗುಣಪಡಿಸುವ ಒಂದು ಶಿಶುಪ್ರಾಸ ಹಂಗೇರಿಯಲ್ಲಿ ಇಂದಿಗೂ ಮಕ್ಕಳ ಬಾಯಲ್ಲಿದೆ. ಡೋಲು ಬಡಿದು ರೋಗ ಓಡಿಸುತ್ತಿದ್ದ ಶಾಮನನ ನೆನಪು ಅಲ್ಲಿ ಅಡಗಿ ಕುಳಿತಿದೆ ಎಂಬ ವ್ಯಾಖ್ಯಾನ ಬಹಳ ಪ್ರಸಿದ್ಧ.

ಹದಿನೆಂಟನೆಯ ಶತಮಾನದ ವಿಚಾರಣೆಗಳಲ್ಲಿ ಕೆಲವು ಹೆಂಗಸರು ನ್ಯಾಯಾಧೀಶರ ಮುಂದೆ ನಿಂತು, ‘ನಾನು ಬೊಸೊರ್ಕಾನ್ಯ್ ಅಲ್ಲ, ತಾಲ್ತೋಶ್. ತಾಯಿಯ ಗರ್ಭದಲ್ಲೇ ದೇವರು ನನ್ನನ್ನು ಹೀಗೆ ಮಾಡಿದ’ ಎಂಬ ಅರ್ಥದ ಮಾತು ಹೇಳಿದ್ದು ದಾಖಲಾಗಿದೆ. ಪ್ರಾಣ ಹೋಗುವ ಹೊತ್ತಿನಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಹಟ ಅದು. ಈ ದಾಖಲೆಗಳ ಬಗ್ಗೆ ಓದಿದಾಗಲೆಲ್ಲ ನನಗೆ ಅಜ್ಜಿಯ ಕಥೆಯೇ ನೆನಪಾಗುತ್ತದೆ. ಏನೆಂದು ಕರೆಯುತ್ತೀರಿ ಎಂಬುದರ ಮೇಲೆ ಒಂದು ಜೀವ ನಿಂತಿತ್ತು.

ಇನ್ನು ಕಾನೂನು. ಹಂಗೇರಿಯ ದೊರೆ ಕಾಲ್ಮಾನ್ 1095ರಿಂದ 1116ರವರೆಗೆ ಆಳಿದವನು. ವಿದ್ಯಾವಂತನಾದ್ದರಿಂದ ಅವನಿಗೆ ‘ಪುಸ್ತಕದ ಕಾಲ್ಮಾನ್’ ಎಂಬ ಅಡ್ಡಹೆಸರಿತ್ತು. ಸ್ಟ್ರಿಗಾಗಳು ಇಲ್ಲವೇ ಇಲ್ಲ, ಆದ್ದರಿಂದ ಅವರ ಬಗ್ಗೆ ವಿಚಾರಣೆ ಕೂಡದು ಎಂದು ಅವನ ಶಾಸನ ಹೇಳುತ್ತದೆ. ಯುರೋಪಿಗೆಲ್ಲ ಮೊದಲು ಮಾಟಗಾತಿಯರನ್ನು ಕಾಪಾಡಿದವನು ಎಂದು ಅವನನ್ನು ಹೊಗಳುವುದು ವಾಡಿಕೆ. ಆದರೆ ಶಾಸನದ ‘ಸ್ಟ್ರಿಗಾ’ ಎಂದರೆ ರೂಪ ಬದಲಿಸಿ ರಾತ್ರಿ ಹಾರಾಡುವ ಅತಿಮಾನುಷ ಜೀವಿ. ಮಾಟಮಂತ್ರದಿಂದ ನೆರೆಯವನಿಗೆ ಕೇಡು ಮಾಡಿದವರಿಗೆ ಅದೇ ಕಾಲದ ಕಾನೂನಿನಲ್ಲಿ ಶಿಕ್ಷೆ ಇದ್ದೇ ಇತ್ತು. ಹೊಗಳಿಕೆಯ ಭರದಲ್ಲಿ ಈ ಭೇದ ಮರೆತುಹೋಗಿದೆ.

ಪಶ್ಚಿಮ ಯುರೋಪಿನಲ್ಲಿ ಮಾಟಗಾತಿ ಬೇಟೆ ತಣ್ಣಗಾಗುವ ಹೊತ್ತಿಗೆ ಹಂಗೇರಿಯಲ್ಲಿ ಅದು ಉರಿಯತೊಡಗಿತು. ಹದಿನೆಂಟನೆಯ ಶತಮಾನದ ಮೊದಲ ಅರ್ಧವೇ ಅಲ್ಲಿನ ಉತ್ತುಂಗ. ಓಟೊಮನ್ ಆಳ್ವಿಕೆ ಮುಗಿದು, ಯುದ್ಧಗಳಿಂದ ಜರ್ಜರಿತವಾದ ನಾಡು. 1728ರ ಬೇಸಗೆಯಲ್ಲಿ ಸೆಗೆಡ್ ಪಟ್ಟಣದಲ್ಲಿ ಬರ ಬಿತ್ತು. ಮಳೆಯನ್ನು ಮಾಟಗಾತಿಯರು ತುರ್ಕರಿಗೆ ಮಾರಿಬಿಟ್ಟಿದ್ದಾರೆ ಎಂಬ ಸುದ್ದಿ ಹಬ್ಬಿತು. ಆರೋಪಿಗಳನ್ನು ತಿಸಾ ನದಿಗೆ ಎಸೆದು ತೇಲುತ್ತಾರೋ ಮುಳುಗುತ್ತಾರೋ ಎಂದು ನೋಡಿದರು, ತೇಲಿದರೆ ಅಪರಾಧಿ. ತಕ್ಕಡಿಯಲ್ಲೂ ತೂಗಿ ನೋಡಿದರು. ಜುಲೈ 23ರಂದು ನದಿಯ ದಡದಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಸುಟ್ಟರು. ಅವರಲ್ಲಿ ಎಂಬತ್ತು ದಾಟಿದ ಡಾನಿಯೆಲ್ ರೋಝಾ ಕೂಡ ಇದ್ದ. ಹಿಂದೆ ಅದೇ ಪಟ್ಟಣದ ಮುಖ್ಯ ನ್ಯಾಯಾಧೀಶನಾಗಿದ್ದ ಸಿರಿವಂತ ಅವನು. ಅವನೇ ಮಾಟಗಾತಿಯರ ದಳದ ನಾಯಕ ಎಂಬುದು ಆರೋಪ. ಬೆಂಕಿ ಹಚ್ಚಿದ ಜಾಗಕ್ಕೆ ‘ಮಾಟಗಾತಿಯರ ದ್ವೀಪ’ ಎಂಬ ಹೆಸರು ಸೆಗೆಡ್‌ನಲ್ಲಿ ಇವತ್ತಿಗೂ ಬಳಕೆಯಲ್ಲಿದೆ.

ಈ ವಿಚಾರಣೆಗಳನ್ನು ದಶಕಗಳ ಕಾಲ ಓದಿದ ಜಾನಪದ ವಿದ್ವಾಂಸೆ ಏವಾ ಪೋಚ್ ಮೂರು ಬಗೆಯ ಮಾಟಗಾತಿಯರನ್ನು ಬೇರ್ಪಡಿಸಿ ತೋರಿಸಿದ್ದಾರೆ. ಹಾಲು, ಹಿಟ್ಟು, ಸಾಲ, ಬೇಲಿ ಎಂದು ಜಗಳವಾಡಿದ ನೆರೆಮನೆಯವಳು ಒಬ್ಬಳು. ಮದ್ದು ಕೊಡುವ, ಕಳೆದದ್ದನ್ನು ಹುಡುಕಿಕೊಡುವ, ತನ್ನ ವೃತ್ತಿಯ ಪೈಪೋಟಿಯಿಂದಲೇ ಅನುಮಾನಕ್ಕೆ ಸಿಕ್ಕಿದವಳು ಇನ್ನೊಬ್ಬಳು. ರಾತ್ರಿ ಬಂದು ಎದೆಯೊತ್ತುವ ಅತಿಮಾನುಷ ಜೀವಿ ಮೂರನೆಯವಳು. ಕೋರ್ಟಿನ ಕಟಕಟೆಯಲ್ಲಿ ಈ ಮೂವರೂ ಒಬ್ಬಳೇ ಹೆಂಗಸಿನ ಮೈಮೇಲೆ ಬಂದು ಕೂರುತ್ತಿದ್ದರು. ಮಗುವಿಗೆ ಜ್ವರ ಬರುತ್ತದೆ, ಹಿಂದಿನ ವಾರ ಅವಳ ಜೊತೆ ಜಗಳವಾಗಿದ್ದು ನೆನಪಾಗುತ್ತದೆ, ರಾತ್ರಿ ಎದೆ ಕಟ್ಟುತ್ತದೆ. ಅಷ್ಟಾದರೆ ಸಾಕು, ಸಾಕ್ಷಿ ಸಿದ್ಧ.

ಹದಿನೆಂಟನೆಯ ಶತಮಾನದ ನಡುವಿನಲ್ಲಿ ಹಂಗೇರಿಯನ್ನು ಆಳುತ್ತಿದ್ದ ಮಹಾರಾಣಿ ಮರಿಯಾ ತೆರೇಸಾ ಈ ಮೊಕದ್ದಮೆಗಳಿಗೆ ಕಡಿವಾಣ ಹಾಕಿದಳು. ಅದೇ ಸಮಯದಲ್ಲಿ ರಕ್ತಪಿಶಾಚಿಗಳ ವದಂತಿ ಯುರೋಪಿನ ಪತ್ರಿಕೆಗಳಲ್ಲಿ ಹಬ್ಬಿತ್ತು. ಇತಿಹಾಸಕಾರ ಗಾಬೊರ್ ಕ್ಲಾನಿತ್ಸಾಯ್ ಈ ಎರಡನ್ನೂ ಜೋಡಿಸಿ ನೋಡುತ್ತಾರೆ: ಮಾಟಗಾತಿ ನೆರೆಮನೆಯ ಜೀವಂತ ಹೆಂಗಸು, ರಕ್ತಪಿಶಾಚಿ ಮಣ್ಣಾದ ಹೆಣ. ಭಯದ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೊರಳಿತು, ಬದುಕಿದವರು ಉಸಿರಾಡಿದರು.

ಇಲ್ಲಿಂದ ಕಲೆಗೆ ಬರೋಣ. ಹಂಗೇರಿಯಲ್ಲಿ ಜಾನಪದ ಎಂದರೆ ಬಹುಕಾಲ ಕಣ್ಣಿಗೆ ಚೆಂದ ಕಾಣುವ ಕಸೂತಿ, ಹೂಬಳ್ಳಿ, ಬಣ್ಣದ ಲಂಗ. 1905ರ ಹೊತ್ತಿಗೆ ಸಂಗೀತ ರಚನಕಾರರಾದ ಬೇಲಾ ಬಾರ್ಟೋಕ್ ಮತ್ತು ಜೋಲ್ತಾನ್ ಕೊದಾಯ್ ಹಳ್ಳಿಗಳಲ್ಲಿ ಹಾಡು ಸಂಗ್ರಹಿಸಲು ಹೊರಟಾಗ ಒಂದು ಬದಲಾವಣೆ ಆಯಿತು. ಅವರು ನಗರದವರಿಗೆ ಹಿತವಾಗುವಂತೆ ಹಾಡುಗಳನ್ನು ಸವರಲಿಲ್ಲ. ಒರಟು ಸ್ವರಗಳನ್ನೂ ವಿಚಿತ್ರ ಲಯಗಳನ್ನೂ ಇದ್ದಂತೆಯೇ ತಂದರು. 1930ರ ದಶಕದಲ್ಲಿ ಲಾಯೋಷ್ ವಾಯ್ಡಾ ಮತ್ತು ದೆಜೋ ಕೊರ್ನಿಷ್ ಎಂಬ ಚಿತ್ರಕಾರರು ಅದೇ ದಾರಿಯಲ್ಲಿ ಸೆಂಟೆಂಡ್ರೆ ಊರಿನ ಬೀದಿ, ಕಿಟಕಿ, ಗೋರಿಕಲ್ಲುಗಳ ರೇಖೆಗಳನ್ನು ಬರೆದುಕೊಂಡರು. ಯುದ್ಧದ ನಂತರ ಸಮಾಜವಾದಿ ಸರ್ಕಾರ ಜಾನಪದವನ್ನು ರಂಗಕ್ಕೆ ಹತ್ತಿಸಿತು. 1951ರಲ್ಲಿ ಸ್ಥಾಪನೆಯಾದ ರಾಜ್ಯ ಜನಪದ ತಂಡದಲ್ಲಿ ನೃತ್ಯಗಾರರು ಸಾಲಾಗಿ, ನಗುನಗುತ್ತ, ಒಂದೇ ಎತ್ತರಕ್ಕೆ ಕಾಲೆತ್ತುತ್ತಿದ್ದರು. ಅದರಲ್ಲಿ ಕಬ್ಬಿಣದ ಮೂಗಿನವಳಿಗೆ ಜಾಗವಿರಲಿಲ್ಲ.

1967ರಲ್ಲಿ ಚಿತ್ರಕಾರ್ತಿ ಇಲೋನಾ ಕೆಶೆರೂ ಬಾಲಾಟನ್ ಸರೋವರದ ದಡದ ಬಾಲಾಟೋನ್‌ಉದ್ವಾರಿ ಎಂಬ ಊರಿನ ಸ್ಮಶಾನಕ್ಕೆ ಹೋದರು. ಅಲ್ಲಿ ಹೃದಯದ ಆಕಾರದಲ್ಲಿ ಕಡೆದ ಬಿಳಿ ಗೋರಿಕಲ್ಲುಗಳು ಸಾಲಾಗಿ ನಿಂತಿವೆ. ಆ ಬಾಗಿದ ರೇಖೆ ಅವರನ್ನು ಬಿಡಲೇ ಇಲ್ಲ. ಒರಟು ನಾರುಬಟ್ಟೆಯ ಮೇಲೆ ಅದನ್ನು ಹೊಲಿದು, ಉಬ್ಬಿಸಿ, ಉರಿಯುವ ಗುಲಾಬಿ ಮತ್ತು ಕಿತ್ತಳೆ ಬಣ್ಣ ತುಂಬಿದರು. ಕಲ್ಲು ಹೋಗಿ ಮೈ ಬಂತು. ಹಳ್ಳಿಯ ಕಲೆಯನ್ನು ನಕಲು ಮಾಡದೆ ಅದರೊಳಗಿನ ಬಿಸಿಯನ್ನು ಮುಟ್ಟುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1972ರಲ್ಲಿ ಬುಡಾಪೆಸ್ಟ್‌ನ ಯುವಕರು ‘ನೃತ್ಯಮನೆ’ ಎಂಬ ಚಳವಳಿ ಆರಂಭಿಸಿ, ರಂಗದ ನೃತ್ಯವನ್ನು ಕೆಳಗಿಳಿಸಿ ಎಲ್ಲರೂ ಕುಣಿಯುವಂತೆ ಮಾಡಿದರು. 1981ರಲ್ಲಿ ಮಾರ್ಸೆಲ್ ಯಾಂಕೋವಿಚ್ ಬಿಳಿ ಹೆಣ್ಣುಕುದುರೆಯ ಮಗನ ಕಥೆಯನ್ನು ಅನಿಮೇಷನ್ ಚಿತ್ರವಾಗಿಸಿದರು. ಜಗತ್ತನ್ನು ಹೊತ್ತ ಮರ, ಮೂರು ಲೋಕ, ಡ್ರ್ಯಾಗನ್‌ಗಳು ಎಲ್ಲವೂ ಹಳೆಯ ಕಥೆಯಲ್ಲಿದ್ದಂತೆಯೇ ಇವೆ. ಆದರೆ ಯಾಂಕೋವಿಚ್‌ರ ಏಳು ತಲೆಯ ಡ್ರ್ಯಾಗನ್ ಯುದ್ಧ ಟ್ಯಾಂಕಿನಂತಿದೆ. ಹನ್ನೆರಡು ತಲೆಯದು ಗಗನಚುಂಬಿ ಕಟ್ಟಡಗಳ ನಗರದಂತೆ ಮಿನುಗುತ್ತದೆ. ಪುರಾಣವನ್ನು ಹಿಂದಕ್ಕೆ ತಳ್ಳದೆ ಈ ಹೊತ್ತಿನ ಭಯದೊಳಗೆ ಎಳೆದು ತಂದ ಕೆಲಸ ಅದು.

ಇವೆಲ್ಲ ಇನ್ನೂ ಕಣ್ಣಿನ ಕಲೆಗಳು. ದನಿಯ ಕಡೆಗೆ ತಿರುಗಿದವರು ಕತಾಲಿನ್ ಲಾದಿಕ್.

ಲಾದಿಕ್ 1942ರಲ್ಲಿ ನೋವಿ ಸಾಡ್ ನಗರದಲ್ಲಿ ಹುಟ್ಟಿದರು. ಇಂದು ಅದು ಸೆರ್ಬಿಯಾದ ವೊಯ್ವೊದಿನಾ ಪ್ರಾಂತದಲ್ಲಿದೆ. ಅವರು ಬೆಳೆದದ್ದು ಯುಗೊಸ್ಲಾವಿಯದಲ್ಲಿ, ಹಂಗೇರಿಯನ್ ಅಲ್ಪಸಂಖ್ಯಾತರ ನಡುವೆ. ಬೀದಿಯಲ್ಲಿ ಸೆರ್ಬಿಯನ್, ಮನೆಯಲ್ಲಿ ಹಂಗೇರಿಯನ್. 1960ರ ದಶಕದಲ್ಲಿ ನೋವಿ ಸಾಡ್ ರೇಡಿಯೊದ ಹಂಗೇರಿಯನ್ ವಿಭಾಗದಲ್ಲಿ ನಾಟಕ ಕಲಾವಿದೆಯಾಗಿ ಸೇರಿದರು. ಈ ವಿವರಕ್ಕೆ ಬಹಳ ತೂಕವಿದೆ. ರೇಡಿಯೊ ನಟಿಗೆ ಮುಖವಿಲ್ಲ, ಮೈಯಿಲ್ಲ. ಮುದುಕಿ, ಮಗು, ಹಕ್ಕಿ, ಗಾಳಿ ಎಲ್ಲವೂ ಒಂದೇ ಗಂಟಲಿನಿಂದ ಬರಬೇಕು. 1969ರಲ್ಲಿ ಬಂದ ಅವರ ಮೊದಲ ಕವನ ಸಂಕಲನದ ಜೊತೆಗೆ ಗ್ರಾಮಫೋನ್ ತಟ್ಟೆಯೊಂದೂ ಇತ್ತು. ಕವಿತೆ ಕಾಗದದ ಮೇಲೆ ಮುಗಿಯುವುದಿಲ್ಲ ಎಂದು ಅವರಿಗೆ ಆಗಲೇ ಗೊತ್ತಿತ್ತು.

ಜಾನಪದದಿಂದ ಲಾದಿಕ್ ಎತ್ತಿಕೊಂಡದ್ದು ಕಸೂತಿಯ ಚೆಂದವನ್ನಲ್ಲ, ‘ರಾಓಲ್ವಶಾಶ್’ ಎಂಬ ಮಂತ್ರೋಚ್ಚಾರವನ್ನು. ಪದವನ್ನು ಬಿಡಿಸಿದರೆ ‘ಮೇಲೆ ಓದುವುದು’ ಎಂದಾಗುತ್ತದೆ. ಹಳೆಯ ಹಂಗೇರಿಯನ್‌ನಲ್ಲಿ ಅದೇ ಕ್ರಿಯಾಪದಕ್ಕೆ ಎಣಿಸುವುದು ಎಂಬ ಅರ್ಥವೂ ಇತ್ತು. ರೋಗಿಯ ಪಕ್ಕ ಕುಳಿತ ಹೆಂಗಸು ನೋವಿನ ಮೇಲೆ ಮಾತುಗಳನ್ನು ಓದುತ್ತಾಳೆ, ಎಣಿಸುತ್ತಾಳೆ. ಒಂಬತ್ತರಿಂದ ಕೆಳಗಿಳಿಯುತ್ತ ಶೂನ್ಯಕ್ಕೆ ಬರುವ ಮಂತ್ರಗಳಿವೆ; ಎಣಿಕೆ ಮುಗಿದಲ್ಲಿ ರೋಗವೂ ಮುಗಿಯಬೇಕು. 1488ರಷ್ಟು ಹಿಂದೆಯೇ ಇಂಥ ಮಂತ್ರಗಳನ್ನು ಬರೆದಿಟ್ಟ ದಾಖಲೆ ಹಂಗೇರಿಯನ್‌ನಲ್ಲಿದೆ. ಇಲ್ಲಿ ಮಾತು ಏನನ್ನೂ ವರ್ಣಿಸುವುದಿಲ್ಲ, ನೇರವಾಗಿ ಮಾಡುತ್ತದೆ. ಕನ್ನಡದ ಕಿವಿಗೆ ಇದು ಹೊಸದಲ್ಲ. ‘ಮಾಟ’ ಎಂಬ ನಮ್ಮ ಪದದ ಹೊಟ್ಟೆಯಲ್ಲಿರುವುದೂ ಇದೇ.

1970ರ ಸುಮಾರಿಗೆ ಲಾದಿಕ್ ತಮ್ಮ ‘ಶಾಮನ್ ಕವಿತೆ’ಯನ್ನು ರಂಗದ ಮೇಲೆ ತಂದರು. ಪ್ರಾಣಿಯ ತುಪ್ಪಳವನ್ನು ಹೊದ್ದು, ಅರೆಬತ್ತಲಾಗಿ, ಹಳ್ಳಿಯ ಚೀಲವಾದ್ಯವನ್ನು ಹಿಡಿದು, ಹಾಡಿದರು, ಉಸುರಿದರು, ಕಿರುಚಿದರು. ಅವರ ಧ್ವನಿಮುದ್ರಣಗಳನ್ನು ಕತ್ತಲಲ್ಲಿ ಕೇಳಬೇಕು. ಒಂದು ಜೋಗುಳ ಶುರುವಾಗುತ್ತದೆ. ಅದರ ಸ್ವರ ನಿಧಾನಕ್ಕೆ ಬಿರುಕು ಬಿಟ್ಟು ಹೆಣದ ಮುಂದಿನ ಅಳುವಾಗುತ್ತದೆ. ಅಳು ಒಡೆದು ಹಕ್ಕಿಯ ಚಿಲಿಪಿಲಿಯಾಗುತ್ತದೆ. ಆಮೇಲೆ ಬರಿಯ ಉಸಿರು, ನಾಲಿಗೆ ಹಲ್ಲಿಗೆ ತಾಗುವ ಸದ್ದು. ಹಂಗೇರಿಯನ್ ಬಾರದ ನಾನು ಅದರಲ್ಲಿ ಅರ್ಥವಾಗದ ಜಾಗವನ್ನು ಹುಡುಕಿ ಸೋತಿದ್ದೇನೆ. ಎದೆಯ ಮೇಲೆ ಭಾರ ಬಿದ್ದಂತಾಗುವ ಆ ಕ್ಷಣದಲ್ಲಿ ‘ಒತ್ತುವವಳು’ ಎಂಬ ಪದದ ಅರ್ಥ ನಿಘಂಟಿಲ್ಲದೆಯೇ ಆಗುತ್ತದೆ.

ಪತ್ರಿಕೆಗಳು ಏನನ್ನು ಕಂಡವು? ಬತ್ತಲೆ. ‘ಬೆತ್ತಲೆ ಕವಯಿತ್ರಿ’ ಎಂಬ ಪಟ್ಟ ಅವರಿಗೆ ಜೀವಮಾನವಿಡೀ ಅಂಟಿಕೊಂಡಿತು. ಅವರು ಬರೆದದ್ದನ್ನು, ಹಾಡಿದ್ದನ್ನು ಕೇಳುವ ಮೊದಲೇ ಜನ ಮಣೆ ಹತ್ತಿ ನಿಂತಿದ್ದರು. 1975ರಲ್ಲಿ ಯುಗೊಸ್ಲಾವಿಯದ ಆಳುವ ಪಕ್ಷವಾದ ಕಮ್ಯುನಿಸ್ಟ್ ಲೀಗ್ ಅವರನ್ನು ಹೊರಹಾಕಿತು.

ಅವರ ಉತ್ತರ ಕಲೆಯಲ್ಲೇ ಬಂತು. 1978ರ ಒಂದು ಛಾಯಾಚಿತ್ರ ಸರಣಿಯಲ್ಲಿ ಲಾದಿಕ್ ತಮ್ಮ ಮುಖವನ್ನು ಗಾಜಿನ ಹಲಗೆಗೆ ಒತ್ತುತ್ತಾರೆ. ಮೂಗು ಚಪ್ಪಟೆಯಾಗುತ್ತದೆ, ತುಟಿ ಜಾರುತ್ತದೆ, ಕೆನ್ನೆ ಹರಡುತ್ತದೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುತ್ತ ಸುಂದರಿಯೊಬ್ಬಳು ಕಥೆಯ ಕುರೂಪಿ ಮುದುಕಿಯಾಗುತ್ತಾಳೆ. ವಿಕಾರವನ್ನು ಉಂಟುಮಾಡಿದ್ದು ನೋಡುವವನಿಗೂ ಅವಳಿಗೂ ನಡುವೆ ಇರುವ ಗಾಜು. ಅದೇ ಕಾಲದ ಇನ್ನೊಂದು ಪ್ರದರ್ಶನದಲ್ಲಿ ಅವರು ವೇದಿಕೆಯ ಮೇಲೆ ಒಂದೊಂದಾಗಿ ಬಟ್ಟೆ ಕಳಚುತ್ತಾರೆ. ‘ಬೆತ್ತಲೆ ಕವಯಿತ್ರಿ’ಯನ್ನು ನೋಡಲು ಬಂದವರಿಗೆ ಕಂಡದ್ದು, ಮೈಗೆ ಅಂಟಿದ ಕಪ್ಪು ಉಡುಪು ಮತ್ತು ಅದರ ಮೇಲೆ ತೊಟ್ಟ ಬಿಳಿಯ ಒಳಉಡುಪು. ಅದನ್ನೂ ತೆಗೆದ ಮೇಲೆ ಉಳಿದದ್ದು ಬರಿಯ ಕಪ್ಪು. ಆ ಕಪ್ಪು ಬಟ್ಟೆಯ ಮೇಲೆ ಸಾಬೂನಿನ ನೊರೆ ಹಚ್ಚಿ ಕ್ಷೌರ ಮಾಡಿಕೊಳ್ಳುತ್ತಾರೆ.

ಈಗ ಸೂಜಿಯ ವಿಚಾರ. ಎಪ್ಪತ್ತರ ದಶಕದಲ್ಲಿ ಮಹಿಳಾ ಪತ್ರಿಕೆಗಳ ಜೊತೆ ಹೊಲಿಗೆಯ ನಮೂನೆಗಳಿರುವ ದೊಡ್ಡ ಕಾಗದಗಳು ಬರುತ್ತಿದ್ದವು. ಕುಪ್ಪಸದ ತೋಳು, ಲಂಗದ ಸೊಂಟ, ಕಾಲರು, ಎಲ್ಲವೂ ಒಂದರ ಮೇಲೊಂದು ಹರಿದಾಡುವ ಚುಕ್ಕಿಗೆರೆಗಳಲ್ಲಿ. ನಮ್ಮ ಮನೆಗಳಲ್ಲೂ ಹೊಲಿಗೆ ಯಂತ್ರದ ಪಕ್ಕ ಇಂಥ ಕಾಗದ ಮಡಚಿಟ್ಟಿರುವುದನ್ನು ಕಂಡವರಿದ್ದಾರೆ. ಲಾದಿಕ್ ಆ ಕಾಗದಗಳನ್ನು ಕತ್ತರಿಸಿ ಅಂಟಿಸಿ ಸ್ವರಲಿಪಿಗಳನ್ನಾಗಿ ಮಾಡಿದರು. ಮೇಲೇರುವ ಗೆರೆ ಏರುವ ಸ್ವರ; ಚುಕ್ಕಿಸಾಲು ತುಂಡುತುಂಡಾದ ಉಸಿರು; ತೋಳಿನ ಬಾಗು ಒಂದು ದೀರ್ಘ ಕೂಗು. ಅವರು ಅದನ್ನು ಎದುರಿಗಿಟ್ಟುಕೊಂಡು ಹಾಡುತ್ತಿದ್ದರು. ಲುತ್ಸಾಳ ದಿನ ಹೆಂಗಸು ಮುಟ್ಟಬಾರದೆಂದ ಸೂಜಿ, ಉಳಿದ ದಿನಗಳಲ್ಲೆಲ್ಲ ಅವಳು ಬಿಡಬಾರದೆಂದ ಅದೇ ಸೂಜಿ, ಇಲ್ಲಿ ಹಾಡಾಯಿತು. 1976ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅವರ ಧ್ವನಿಕಾವ್ಯದ ತಟ್ಟೆ ಹೊರಬಂತು. ಅವರು 1992ರಲ್ಲಿ ಬುಡಾಪೆಸ್ಟ್‌ಗೆ ಹೋಗಿ ನೆಲೆಸಿದರು. ದೊಡ್ಡ ಕಲಾಜಗತ್ತು ಅವರನ್ನು ಗುರುತಿಸಲು ಬಹಳ ತಡಮಾಡಿತು: 2017ರಲ್ಲಿ ಅಥೆನ್ಸ್ ಮತ್ತು ಕಾಸೆಲ್ ನಗರಗಳಲ್ಲಿ ನಡೆದ ಡಾಕ್ಯುಮೆಂಟಾ 14 ಎಂಬ ಬೃಹತ್ ಕಲಾಪ್ರದರ್ಶನ, 2023ರಲ್ಲಿ ಮ್ಯೂನಿಕ್‌ನ ಹೌಸ್ ಡೆರ್ ಕುನ್ಸ್ಟ್‌ನಲ್ಲಿ ಸಮಗ್ರ ಪ್ರದರ್ಶನ. ಲುತ್ಸಾಳ ಮಣೆಯಂತೆ ನಿಧಾನ.

ಅವರ ನಂತರದ ಪೀಳಿಗೆಗೆ ತೊಡಕು ಬೇರೆ ಬಗೆಯದು. ಇವತ್ತಿನ ಹಂಗೇರಿಯಲ್ಲಿ ಶಾಮನ್ ಡೋಲು, ತಾಲ್ತೋಶ್, ಹುಲ್ಲುಗಾವಲಿನ ಕುದುರೆ ಸವಾರ ಇವೆಲ್ಲ ರಾಷ್ಟ್ರೀಯ ಹೆಮ್ಮೆಯ ಸಂಕೇತಗಳಾಗಿ ಬಳಕೆಯಾಗುತ್ತಿವೆ. ಬುಗಾತ್ಸ್ ಬಯಲಿನಲ್ಲಿ ನಡೆಯುವ ಕುರುಲ್ತಾಯ್ ಉತ್ಸವಕ್ಕೆ ದೊಡ್ಡ ಜನಸಂದಣಿ ಸೇರುತ್ತದೆ. ಹೀಗಿರುವಾಗ ಜಾನಪದವನ್ನು ಮುಟ್ಟಿದ ಕಲಾವಿದೆಗೆ ಎರಡೂ ಕಡೆಯಿಂದ ಅನುಮಾನ ಎದುರಾಗುತ್ತದೆ: ನಗರದ ಗೆಳೆಯರಿಗೆ ಅದು ರಾಷ್ಟ್ರವಾದ, ಹಳ್ಳಿಯ ಪಂಡಿತರಿಗೆ ಅದು ಅಪಚಾರ. 1988ರಲ್ಲಿ ಹುಟ್ಟಿದ ಡೊಮಿನಿಕಾ ಟ್ರಾಪ್ ಈ ಇಕ್ಕಟ್ಟಿನಲ್ಲೇ ನಿಂತು ಕೆಲಸ ಮಾಡುತ್ತಿದ್ದಾರೆ. ಜನಪದ ಸಂಗೀತಗಾರರನ್ನೂ ಪ್ರಯೋಗಶೀಲ ಸಂಗೀತಗಾರರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಟ್ಟಿಗೆ ನುಡಿಸಲು ಬಿಟ್ಟರು. 2020ರಲ್ಲಿ ಬುಡಾಪೆಸ್ಟ್‌ನ ಟ್ರಾಫೋ ಗ್ಯಾಲರಿಯಲ್ಲಿ ರೈತಾಪಿ ಹೆಂಗಸರ ಬಾಳನ್ನೇ ಕುರಿತು ಪ್ರದರ್ಶನ ಮಾಡಿದರು. ಅಂದದ ಲಂಗದ ಒಳಗಿದ್ದ ಮೈ ಏನನ್ನು ಸಹಿಸಿತು ಎಂದು ಕೇಳುವ ಕೆಲಸ ಅದು. ಹಾಗೆ ಕೇಳದೆ ಲಂಗವನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆಚ್ಚುವುದು ನನಗೆ ಕ್ರೌರ್ಯವೆಂದೇ ತೋರುತ್ತದೆ.

ಕೊನೆಯದಾಗಿ ಒಂದು ಸಿನಿಮಾ. ಬ್ರಿಟಿಷ್ ನಿರ್ದೇಶಕ ಪೀಟರ್ ಸ್ಟ್ರಿಕ್ಲೆಂಡ್ 2012ರಲ್ಲಿ ‘ಬರ್ಬೇರಿಯನ್ ಸೌಂಡ್ ಸ್ಟುಡಿಯೊ’ ಎಂಬ ಚಿತ್ರ ತೆಗೆದರು. 1970ರ ದಶಕದ ಇಟಲಿಯಲ್ಲಿ ಮಾಟಗಾತಿಯರ ಬಗ್ಗೆ ಒಂದು ಭಯಾನಕ ಚಿತ್ರ ತಯಾರಾಗುತ್ತಿರುತ್ತದೆ. ಅದಕ್ಕೆ ಸದ್ದು ಕೂಡಿಸಲು ಇಂಗ್ಲೆಂಡಿನಿಂದ ಸಾಧು ಸ್ವಭಾವದ ತಂತ್ರಜ್ಞನೊಬ್ಬ ಬಂದಿರುತ್ತಾನೆ. ಆ ಭಯಾನಕ ಚಿತ್ರದ ಶೀರ್ಷಿಕೆಗಳನ್ನು ಬಿಟ್ಟರೆ ಒಂದು ದೃಶ್ಯವನ್ನೂ ಸ್ಟ್ರಿಕ್ಲೆಂಡ್ ನಮಗೆ ತೋರಿಸುವುದಿಲ್ಲ. ಕಾಣುವುದು ಸದ್ದು ಮಾಡುವ ಕೈಗಳು: ಕಲ್ಲಂಗಡಿ ಒಡೆಯುವುದು, ಎಲೆಕೋಸಿಗೆ ಚಾಕು ಇಳಿಸುವುದು, ಮೂಲಂಗಿಯ ಸೊಪ್ಪನ್ನು ಕಿತ್ತು ಕೂದಲು ಕೀಳುವ ಸದ್ದು ಬರಿಸುವುದು. ಮಾಟಗಾತಿ ಪರದೆಯ ಮೇಲೆ ಎಲ್ಲೂ ಇಲ್ಲ. ಅವಳನ್ನು ಕೇಳಬೇಕು, ಅಷ್ಟೆ. ಚಿತ್ರದ ಪಾತ್ರವರ್ಗದ ಪಟ್ಟಿಯಲ್ಲಿ ‘ಪುನರುತ್ಥಾನಗೊಂಡ ಮಾಟಗಾತಿ’ ಎಂಬ ಪಾತ್ರದ ಎದುರು, ಆಗ ಎಪ್ಪತ್ತರ ಹೊಸ್ತಿಲಲ್ಲಿದ್ದ ನೋವಿ ಸಾಡ್‌ನ ಹಳೆಯ ರೇಡಿಯೊ ನಟಿಯ ಹೆಸರಿದೆ: ಕತಾಲಿನ್ ಲಾದಿಕ್.